ಪುಸ್ತಕದ ಮುಟ್ಟುಗೋಲು: ವಿಚಾರಣೆಗೆ ಮೊದಲೇ ಶಿಕ್ಷೆ ಬೇಡ

ಮಾನ್ಯ ಸಂಪಾದಕರೇ,

ಜಮ್ಮು ಮತ್ತು ಕಾಶ್ಮೀರದ ಗೃಹ ಇಲಾಖೆ 2025ರ ಆಗಸ್ಟ್‌ನಲ್ಲಿ ಒಂದೇ ಆದೇಶದ ಮೂಲಕ 25 ಪುಸ್ತಕಗಳನ್ನು ಮುಟ್ಟುಗೋಲು ಹಾಕಿಕೊಂಡಾಗ, ಅದು ದೂರದ ಗಡಿ ಪ್ರದೇಶದ ಮಾತೆಂದು ನಮ್ಮಲ್ಲಿ ಅನೇಕರು ಸುಮ್ಮನಾದರು. ಆದರೆ ಆ ಆದೇಶಕ್ಕೆ ಆಧಾರವಾದ ಕಾನೂನು ಕರ್ನಾಟಕಕ್ಕೂ ಅನ್ವಯಿಸುತ್ತದೆ. ಕನ್ನಡ ಪುಸ್ತಕಗಳ ಮೇಲೆ ಅದನ್ನು ಪ್ರಯೋಗಿಸಿದ ಚರಿತ್ರೆ ನಮ್ಮ ಸರ್ಕಾರಗಳಿಗೂ ಇದೆ.

ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಬಸವಣ್ಣನವರ ಕಾಲವನ್ನು ಕುರಿತ ಕಾದಂಬರಿ. ಕರ್ನಾಟಕ ಸಾಹಿತ್ಯ ಅಕಾಡೆಮಿ ಅದಕ್ಕೆ ಪ್ರಶಸ್ತಿ ನೀಡಿತು. ಪ್ರತಿಭಟನೆಗಳು ಎದ್ದ ಮೇಲೆ, 1997ರಲ್ಲಿ, ರಾಜ್ಯ ಸರ್ಕಾರ ಅದೇ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮೊದಲಾದವರು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಸುಪ್ರೀಂ ಕೋರ್ಟ್ 2007ರಲ್ಲಿ ಸರ್ಕಾರದ ಕ್ರಮವನ್ನೇ ಎತ್ತಿಹಿಡಿಯಿತು. ಅದು ಶ್ರೇಷ್ಠ ಕಾದಂಬರಿಯೆಂದು ವಾದಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಪ್ರಶಸ್ತಿ ಕೊಟ್ಟವರು ಸರಿಯೋ, ಮುಟ್ಟುಗೋಲು ಹಾಕಿದವರು ಸರಿಯೋ ಎಂಬುದನ್ನು ತಾನೇ ಓದಿ ತೀರ್ಮಾನಿಸುವ ಅವಕಾಶವನ್ನು ಇಡೀ ಒಂದು ತಲೆಮಾರಿನ ಓದುಗರಿಂದ ಕಿತ್ತುಕೊಳ್ಳಲಾಗಿದೆ ಎಂಬುದೇ ನನ್ನ ದೂರು.

ಈ ಕಾನೂನು ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಲ್ಲಿದ್ದ ಈ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮಿನಲ್ಲಿದೆ. ಯಾವುದೇ ಪುಸ್ತಕದಲ್ಲಿ ಶಿಕ್ಷಾರ್ಹ ವಿಷಯವಿದೆ ಎಂದು ಸರ್ಕಾರಕ್ಕೆ ‘ಕಂಡುಬಂದರೆ’ ಸಾಕು, ಕಾರಣ ನಮೂದಿಸಿ ಅಧಿಸೂಚನೆ ಹೊರಡಿಸಬಹುದು. ಅಲ್ಲಿಂದಾಚೆಗೆ ದೇಶದ ಯಾವ ಭಾಗದಲ್ಲಿ ಪ್ರತಿ ಸಿಕ್ಕರೂ ಪೊಲೀಸರು ಅದನ್ನು ವಶಪಡಿಸಿಕೊಳ್ಳಬಹುದು. ಮ್ಯಾಜಿಸ್ಟ್ರೇಟರ ವಾರಂಟ್ ಇದ್ದರೆ ಸಬ್ ಇನ್‌ಸ್ಪೆಕ್ಟರ್ ಮಟ್ಟದ ಅಧಿಕಾರಿ ಪ್ರತಿಗಳಿರಬಹುದಾದ ಜಾಗಕ್ಕೆ ನುಗ್ಗಿ ಶೋಧಿಸಬಹುದು. ಲೇಖಕರ ಅಥವಾ ಪ್ರಕಾಶಕರ ಮಾತನ್ನು ಮೊದಲೇ ಕೇಳಬೇಕೆಂದು ಆ ಕಲಮು ಹೇಳುವುದಿಲ್ಲ. ನೊಂದವರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಅರ್ಜಿ ಹಾಕಿದರೆ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ಆಲಿಸುತ್ತದೆ, ನಿಜ. ಆದರೆ ಅಷ್ಟರಲ್ಲಿ ಪುಸ್ತಕ ಅಂಗಡಿಯಿಂದಲೂ ಗ್ರಂಥಾಲಯದ ಕಪಾಟಿನಿಂದಲೂ ಮಾಯವಾಗಿರುತ್ತದೆ, ಮತ್ತು ‘ಧರ್ಮಕಾರಣ’ದ ವಿಷಯದಲ್ಲಿ ಕೊನೆಯ ತೀರ್ಪು ಬರಲು ಹತ್ತು ವರ್ಷ ಹಿಡಿಯಿತು.

ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯ ಪ್ರಕರಣ ಇದಕ್ಕಿಂತಲೂ ಹೆಚ್ಚು ಯೋಚಿಸುವಂಥದ್ದು. ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ತೆಗೆದು ‘ಲಿಂಗದೇವ’ ಎಂದು ಸೇರಿಸಿದ್ದು ತಪ್ಪೆಂದೇ ನನ್ನ ದೃಢವಾದ ಅಭಿಪ್ರಾಯ. ಎಂಟು ಶತಮಾನಗಳ ಹಿಂದಿನ ಕವಿಯ ಅಂಕಿತವನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ. ಆದರೂ 1998ರಲ್ಲಿ ಸರ್ಕಾರ ಹಾಕಿದ ನಿಷೇಧವನ್ನು ನಾನು ಒಪ್ಪಲಾರೆ. ಆ ತಪ್ಪನ್ನು ತೋರಿಸಿಕೊಡಲು ತಾಳೆಗರಿಗಳಿದ್ದವು, ವಿದ್ವಾಂಸರಿದ್ದರು, ಎಲ್ಲಕ್ಕಿಂತ ಮಿಗಿಲಾಗಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವೇ ಪ್ರಕಟಿಸಿದ ಸಮಗ್ರ ವಚನ ಸಂಪುಟದ 15 ಸಂಪುಟಗಳಿದ್ದವು. ಶುದ್ಧ ಪಾಠವನ್ನು ಅಗ್ಗದ ಬೆಲೆಗೆ ಮನೆಮನೆಗೆ ತಲುಪಿಸಿದ್ದರೆ ಅಶುದ್ಧ ಪಾಠ ತಾನಾಗಿಯೇ ಸೋಲುತ್ತಿತ್ತು. ಅದರ ಬದಲು ನಡೆದದ್ದು ಸುಮಾರು ಎರಡು ದಶಕಗಳ ವ್ಯಾಜ್ಯ. ಸುಪ್ರೀಂ ಕೋರ್ಟಿನಲ್ಲಿ ಅದು ಮುಗಿದದ್ದು 2017ರಲ್ಲಿ.

ಆ ಸಂಪುಟಗಳಿಗೆ ದುಡಿದ ಕಲಬುರ್ಗಿಯವರೇ 1989ರಲ್ಲಿ ಒತ್ತಡಕ್ಕೆ ಮಣಿದು, ‘ಮಾರ್ಗ’ ಎಂಬ ತಮ್ಮ ಸಂಶೋಧನಾ ಲೇಖನಗಳ ಸಂಕಲನದಲ್ಲಿ ತಾವು ಬರೆದಿದ್ದ ಸಂಶೋಧನೆಯ ಮಾತುಗಳನ್ನು ಹಿಂಪಡೆಯಬೇಕಾಯಿತು. ಆಗ ಯಾವ ಅಧಿಸೂಚನೆಯೂ ಹೊರಟಿರಲಿಲ್ಲ. ಸಂಶೋಧಕನ ಬಾಯಿ ಕಟ್ಟಿಸಿದವರು ಯಾವ ನ್ಯಾಯಾಲಯಕ್ಕೂ ಉತ್ತರ ಕೊಡಬೇಕಾಗಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿ ಏನಾಯಿತೆಂಬುದು ಕನ್ನಡಿಗರಿಗೆಲ್ಲ ಗೊತ್ತು.

‘ಭಾವನೆಗೆ ಧಕ್ಕೆ’ ಎಂಬ ಮಾತು ಪ್ರತಿ ಸಲವೂ ಕೇಳಿಬರುತ್ತದೆ. ಸಂವಿಧಾನದ 19(2)ನೇ ವಿಧಿ ಪಟ್ಟಿ ಮಾಡುವ ನಿರ್ಬಂಧಗಳಲ್ಲಿ ಸಾರ್ವಜನಿಕ ಸುವ್ಯವಸ್ಥೆಯಿದೆ, ಸಭ್ಯತೆಯಿದೆ, ಮಾನಹಾನಿಯಿದೆ. ನೊಂದ ಭಾವನೆ ಎಂಬುದು ಅಲ್ಲಿಲ್ಲ. ಧಾರ್ಮಿಕ ಭಾವನೆಯನ್ನು ಕೆರಳಿಸುವ ಅಪರಾಧಕ್ಕೂ ಉದ್ದೇಶಪೂರ್ವಕವಾದ, ದ್ವೇಷದಿಂದ ಕೂಡಿದ ಮನಸ್ಸು ಇತ್ತೆಂದು ಸಾಬೀತಾಗಬೇಕು. ಮೆರವಣಿಗೆಯ, ಹಿಂಸೆಯ ಬೆದರಿಕೆಯಿದೆ ಎಂಬ ಕಾರಣಕ್ಕೆ ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ, ಹಾಗೆ ಮಾಡಿದರೆ ಬೆದರಿಸುವವರಿಗೆ ಶರಣಾದಂತೆ ಎಂದು ಸುಪ್ರೀಂ ಕೋರ್ಟ್ 1989ರ ರಂಗರಾಜನ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಪುಸ್ತಕದ ಎದುರು ಗುಂಪು ಸೇರಿದಾಗ ಪೊಲೀಸರು ಕಾಯಬೇಕಾದದ್ದು ಪುಸ್ತಕವನ್ನು.

ಈ ಮಾತನ್ನು ನಮಗೆ ಬೇಕಾದವರ ಪಾಲಿಗೆ ಮಾತ್ರ ಹೇಳಿದರೆ ಅದಕ್ಕೆ ಬೆಲೆಯಿಲ್ಲ. 2013ರಲ್ಲಿ ‘ಢುಂಢಿ’ ಕಾದಂಬರಿಯ ಲೇಖಕರನ್ನು ಬಂಧಿಸಿದಾಗ ಮರುಗಿದವರು, 2022ರಲ್ಲಿ ‘ಟಿಪ್ಪು ನಿಜ ಕನಸುಗಳು’ ಪುಸ್ತಕದ ಮಾರಾಟಕ್ಕೆ ಬೆಂಗಳೂರಿನ ನ್ಯಾಯಾಲಯ ತಾತ್ಕಾಲಿಕ ತಡೆ ನೀಡಿದಾಗಲೂ ಮರುಗಬೇಕಿತ್ತು. ಈಗ ಇದರ ತಿರುವುಮುರುವನ್ನೂ ಹೇಳಬೇಕು: ಎರಡನೆಯದಕ್ಕೆ ದನಿಯೆತ್ತಿದವರು ಮೊದಲನೆಯದಕ್ಕೂ ಎತ್ತಬೇಕಿತ್ತು.

ಹಿಂಸೆಗೆ ನೇರವಾಗಿ ಕುಮ್ಮಕ್ಕು ಕೊಡುವ ಬರಹವನ್ನು ಏನು ಮಾಡಬೇಕೆಂದು ಕೇಳುವವರಿಗೆ ಉತ್ತರವಿದೆ. ಸರ್ಕಾರ ಮೊದಲು ಲೇಖಕ ಮತ್ತು ಪ್ರಕಾಶಕರಿಗೆ ನೋಟಿಸ್ ಕೊಡಲಿ, ಆಕ್ಷೇಪಾರ್ಹವೆನಿಸಿದ ಪುಟಗಳನ್ನು ಹೆಸರಿಸಲಿ, ತಾನೇ ಹೈಕೋರ್ಟಿಗೆ ಹೋಗಿ ಅನುಮತಿ ಕೇಳಲಿ. ಅರ್ಜಿ ಹಾಕುವ ಹೊರೆ ಅಧಿಕಾರ ಇರುವವರ ಮೇಲಿರಬೇಕು. ಈ ತಿದ್ದುಪಡಿಗಾಗಿ ನಮ್ಮ ಸಂಸದರು ಸಂಸತ್ತಿನಲ್ಲಿ ದನಿಯೆತ್ತಬೇಕು. ಅದಕ್ಕೂ ಮೊದಲು ರಾಜ್ಯ ಸರ್ಕಾರ ತನ್ನ ಕೈಯಲ್ಲೇ ಇರುವ ಕೆಲಸವೊಂದನ್ನು ಮಾಡಬಹುದು. 2007ರ ತೀರ್ಪು ಮುಟ್ಟುಗೋಲನ್ನು ಸಿಂಧುಗೊಳಿಸಿತೇ ಹೊರತು, ಅದನ್ನು ಶಾಶ್ವತವಾಗಿ ಮುಂದುವರಿಸಲೇಬೇಕೆಂದು ಕಟ್ಟುಹಾಕಲಿಲ್ಲ. ಜಾರ್ಖಂಡ್ ಸರ್ಕಾರ 2017ರಲ್ಲಿ ಸಂತಾಲ ಸಮುದಾಯದ ಲೇಖಕರೊಬ್ಬರ ಕಥಾಸಂಕಲನದ ಮೇಲೆ ತಾನೇ ಹಾಕಿದ್ದ ನಿಷೇಧವನ್ನು ಅದೇ ವರ್ಷ ತೆಗೆದುಹಾಕಿತು. ‘ಧರ್ಮಕಾರಣ’ದ ಮೇಲಿನ 1997ರ ಅಧಿಸೂಚನೆಯನ್ನು ಕರ್ನಾಟಕ ಸರ್ಕಾರ ಹಿಂಪಡೆಯಬೇಕೆಂದು, ಪ್ರಶಸ್ತಿ ನೀಡಿದ ಅಕಾಡೆಮಿಯೇ ಮುಂದಾಗಿ ಇದನ್ನು ಲಿಖಿತವಾಗಿ ಕೇಳಬೇಕೆಂದು ನಾನು ಆಗ್ರಹಿಸುತ್ತೇನೆ.

– ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ