ಅಜ್ಜಿ ಕಂಡ ಮೇಷ್ಟ್ರು

ಹೊರದೇಶದ ನಮ್ಮ ಕನ್ನಡ ಸಂಘದ ಮುಂದಿನ ಸಿನಿಮಾ ಸಂಜೆಗೆ ‘ಸಂಸ್ಕಾರ’ ಹಾಕೋಣ ಅಂದೆ. ‘ಮಕ್ಕಳು ಎದ್ದು ಹೋಗ್ತಾರೆ ಸಾರ್’ ಅಂತ ಸಮಿತಿಯವರು ನಕ್ಕರು. ನಾನು ಅದನ್ನು ಮೊದಲು ನೋಡಿದಾಗ ನನಗೆ ಹನ್ನೊಂದು ವರ್ಷ. ಎದ್ದು ಹೋಗೋಣವೆಂದರೆ ಹೊರಗೆ ಸೋಮವಾರಪೇಟೆಯ ಆಷಾಢದ ಮಳೆ.

90ರ ದಶಕದ ಶುರುವದು. ಬಿದಿರಿನ ಗಳಕ್ಕೆ ಕಟ್ಟಿದ ಆಂಟೆನಾ ಗಾಳಿ ಬಂದಾಗಲೆಲ್ಲ ಮುಖ ತಿರುಗಿಸುತ್ತಿತ್ತು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಗಳ ತಿರುಗಿಸುವ ಕೆಲಸ ನನ್ನದು. ಒಳಗಿನವರು ‘ಬಂತು, ಬಂತು... ಹೋಯ್ತು’ ಅಂತ ಕೂಗೋರು. ಕಾಲಿಗೆ ಜಿಗಣೆ ಬೇರೆ.

ಆ ಸಂಜೆ ದೂರದರ್ಶನದಲ್ಲಿ ‘ಟರ್ನಿಂಗ್ ಪಾಯಿಂಟ್’. ವಿಜ್ಞಾನದ ಕಾರ್ಯಕ್ರಮ. ನಡೆಸಿಕೊಡುತ್ತಿದ್ದವರು ಗಿರೀಶ್ ಕಾರ್ನಾಡ್, ಜನರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದವರು ವಿಜ್ಞಾನಿ ಯಶ್ ಪಾಲ್. ಅಜ್ಜಿಗೆ ಒಂದು ಮಾತೂ ಅರ್ಥವಾಗದು. ಆದರೂ ಕಾರ್ನಾಡರನ್ನು ನೋಡಿ, ‘ಒಳ್ಳೇ ಮೇಷ್ಟ್ರು ಕಣೋ, ಗದರೋದೇ ಇಲ್ಲ’ ಅಂದಳು.

ಅದು ಮುಗಿದ ಮೇಲೆ ಮಾವ ಬಾಡಿಗೆಗೆ ತಂದ ವಿಸಿಪಿಗೆ ಕ್ಯಾಸೆಟ್ ತುರುಕಿದರು. ನಾವು ರಾಜ್‌ಕುಮಾರ್ ಫೈಟಿಂಗ್ ಅಂತ ಕಾದರೆ ಬಂದಿದ್ದು ಒಂದು ಅಗ್ರಹಾರ, ಒಂದು ಹೆಣ. 1970ರ ಕಪ್ಪು ಬಿಳುಪಿನ ಚಿತ್ರ. ನಮ್ಮ ಟಿವಿಗೂ ಬಣ್ಣ ಇರಲಿಲ್ಲ, ಲೆಕ್ಕ ಸರಿಹೋಯಿತು. ರಾಷ್ಟ್ರಪತಿಗಳ ಚಿನ್ನದ ಪದಕ ಗೆದ್ದ ಮೊದಲ ಕನ್ನಡ ಚಿತ್ರ, ಮೊದಲು ಸೆನ್ಸಾರ್‌ನವರು ತಡೆದಿದ್ದರು ಅಂತೆಲ್ಲ ಮಾವ ಹೇಳುತ್ತಲೇ ಇದ್ದರು. ಅಜ್ಜಿ ಮಧ್ಯೆ ಬಾಯಿ ಹಾಕಿದಳು:

‘ಅಯ್ಯೋ, ಈಗಷ್ಟೇ ಪಾಠ ಹೇಳ್ತಿದ್ದ ಮೇಷ್ಟ್ರಲ್ವಾ ಇವ್ರು?’

ಹೌದು, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಪಾತ್ರದಲ್ಲಿ ಅದೇ ಕಾರ್ನಾಡ್. ವಯಸ್ಸು ಇಪ್ಪತ್ತು ವರ್ಷ ಹಿಂದೆ ಹೋಗಿತ್ತು, ಅಷ್ಟೆ. ಆಚಾರವೆಲ್ಲ ಬಿಟ್ಟಿದ್ದ ನಾರಣಪ್ಪ, ಅಂದರೆ ಲಂಕೇಶ್, ಸತ್ತು ಬಿದ್ದಿದ್ದಾನೆ, ಯಾರು ಸುಡಬೇಕು ಅಂತ ಆಚಾರ್ಯರು ಗ್ರಂಥ ತಿರುವುತ್ತಾ ಕೂತಿದ್ದಾರೆ. ಅಜ್ಜಿಗೆ ತಡೆಯಲಿಲ್ಲ. ‘ಆಗ ಎಲ್ಲದಕ್ಕೂ ಉತ್ತರ ಇತ್ತು, ಈಗೇನಾಯ್ತು ಇವ್ರಿಗೆ?’

ಈ ಚಿತ್ರದ ಬಗ್ಗೆ ಆಮೇಲೆ ಬೇಕಾದಷ್ಟು ವಿಮರ್ಶೆ ಓದಿದ್ದೇನೆ. ಇದಕ್ಕಿಂತ ನೇರವಾದ ಪ್ರಶ್ನೆ ಕಂಡಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದಳು: ‘ನಮ್ಮಲ್ಲಿ ಮಳೆಗಾಲದಲ್ಲಿ ಯಾರಾದ್ರೂ ಹೋದ್ರೆ ಒಣ ಸೌದೆದೇ ಚಿಂತೆ. ಇಲ್ಲಿ ನೋಡಿದ್ರೆ ಸೌದೆ ಇದೆ, ಹೊರೋರಿಲ್ಲ.’ ನಮ್ಮ ಊರಲ್ಲಿ ಸಾವಾದರೆ ಪ್ರತಿ ಮನೆಯಿಂದ ಒಬ್ಬ ಸೌದೆ ಹೊತ್ತು ಬರುತ್ತಿದ್ದ. ಜಗಳ ಇದ್ದವನೂ ಬರುತ್ತಿದ್ದ. ಹಾಗಾಗಿ ಸಿನಿಮಾದ ಸಮಸ್ಯೆ ಏನು ಅಂತ ಹನ್ನೊಂದರ ನನಗೂ ಗೊತ್ತಾಯಿತು. ಅದಕ್ಕೇ ಸಮಿತಿಯವರಿಗೆ ಹೇಳಿದೆ, ಮಕ್ಕಳ ಪಕ್ಕದಲ್ಲಿ ಒಬ್ಬೊಬ್ಬ ಅಜ್ಜಿ ಕೂರಲಿ, ಬಾಯಿಗೆ ಬಂದಿದ್ದು ಕೇಳಲಿ. ವೀಸಾದಲ್ಲಿ ಬಂದ ಅಜ್ಜಿಯರು ನಮ್ಮಲ್ಲಿ ಈಗ ಜಾಸ್ತಿಯೇ ಇದ್ದಾರೆ!

ಅವತ್ತು ಚಿತ್ರ ಮುಗಿಯಲಿಲ್ಲ. ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಬೆಳಿಗ್ಗೆ ಮಾವ ಕ್ಯಾಸೆಟ್ ವಾಪಸ್ ಕೊಡಲು ಹೊರಟರು. ಅಜ್ಜಿ ಒಲೆ ಮುಂದಿನಿಂದಲೇ ಕೇಳಿದಳು.

‘ಹೆಣ ಎತ್ತಿದ್ರಾ ಕೊನೆಗೆ?’

‘ನಾರಣಪ್ಪನ ಜೊತೆಗಿದ್ದ ಚಂದ್ರಿ ರಾತ್ರೋರಾತ್ರಿ ಸುಟ್ಟಳಮ್ಮ. ಅಗ್ರಹಾರದವರಿಗೆ ಗೊತ್ತೇ ಇಲ್ಲ.’

‘ಹಂಗಾದ್ರೆ ಸರಿ’ ಅಂದು ಅಜ್ಜಿ ಬೆಲ್ಲದ ಕಾಫಿ ಬಗ್ಗಿಸಿಕೊಂಡಳು.