ಉಸಿರಿನಷ್ಟು ಬೇಗ ಹಿಮ್ಮಡಿ ಪಳಗುವುದಿಲ್ಲ

ಪ್ರೀತಿಯ ಗೆಳೆಯಾ,

"ಓಡೋಕೆ ಶುರು ಮಾಡ್ತೀನಿ, ಹೇಗೆ ಅಂತ ಹೇಳು" ಎಂದು ಕೇಳಿದ್ದೀಯ. ಒಂದು ಸಾಲಿನ ಪ್ರಶ್ನೆಗೆ ಇಷ್ಟುದ್ದ ಪತ್ರವೇ ಅನ್ನಬೇಡ. ನಲವತ್ತೈದು, ಐವತ್ತರ ಆಸುಪಾಸಿನಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಕೂತವರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೂ ಸಿಗಲಿ ಎಂದೇ ಎಲ್ಲರೆದುರು ಬರೆಯುತ್ತಿದ್ದೇನೆ. ನೀಲಿ ಛತ್ರಿಯ ಸುದ್ದಿ ಎತ್ತುವುದಿಲ್ಲ, ಹೆದರಬೇಡ.

ಮೊದಲು ವೇಗ. ಹೊಸಬರ ಲೆಕ್ಕ ಮೊದಲ ದಿನವೇ ತಪ್ಪುವುದು ಇಲ್ಲಿ. ಇಪ್ಪತ್ತರಲ್ಲಿ ಓಡಿದ್ದು ಕಾಲಿಗೆ ಇನ್ನೂ ನೆನಪಿರುತ್ತದೆ, ತಾನಾಗಿ ಆ ವೇಗಕ್ಕೇ ಹೋಗುತ್ತದೆ, ಮುನ್ನೂರು ಮೀಟರ್ ದಾಟುವಷ್ಟರಲ್ಲಿ ಏದುಸಿರು. ಓಟ ನಮಗಲ್ಲ ಎಂಬ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ನೀನು ಓಡುತ್ತಲೇ ಪೂರ್ತಿ ವಾಕ್ಯ ಆಡುವ ಹಾಗಿರಬೇಕು. ಎರಡೆರಡು ಪದಕ್ಕೆ ಉಸಿರೆಳೆಯಬೇಕಾಯಿತೋ, ವೇಗ ಇಳಿಸು. ಗಂಟೆಗೆ ಐದಾರು ಕಿಲೋಮೀಟರ್ ಆದರೂ ಸಾಕು. ಬಿರುಸಾಗಿ ನಡೆಯುವವರು ನಿನ್ನನ್ನು ದಾಟಿ ಹೋಗುತ್ತಾರೆ, ಹೋಗಲಿ. ಜಪಾನಿನ ಫುಕುವೋಕಾ ವಿಶ್ವವಿದ್ಯಾಲಯದ ಹಿರೋಆಕಿ ತನಾಕಾ ಹೊಸಬರಿಗೆ ಕಲಿಸಿದ್ದು ಇದನ್ನೇ: ಮುಗುಳ್ನಗು ಮಾಸದಷ್ಟು ನಿಧಾನಕ್ಕೆ ಓಡುವುದು. ಇಷ್ಟು ನಿಧಾನಕ್ಕೆ ಓಡುವ ಬದಲು ನಡೆದರೇನು ಅನ್ನಬಹುದು. ಈ ವೇಗದಲ್ಲಿ ನಡಿಗೆಗಿಂತ ಓಟಕ್ಕೇ ಹೆಚ್ಚು ಶಕ್ತಿ ಬೇಕು, ಏಕೆಂದರೆ ಪ್ರತಿ ಹೆಜ್ಜೆಗೂ ಮೈಯನ್ನು ನೆಲದಿಂದ ಎತ್ತಬೇಕು.

ಹೆಜ್ಜೆ ಚಿಕ್ಕದಿರಲಿ, ಪಾದ ಮೈಯ ಕೆಳಗೇ ಬೀಳಲಿ. ಕಾಲು ಮುಂದಕ್ಕೆ ಚಾಚಿ ಹಿಮ್ಮಡಿ ಊರಿದರೆ ಆ ಪೆಟ್ಟು ಮಂಡಿಗೆ. ಅರ್ಧ ನಿಮಿಷ ಬಲಗಾಲು ಎಷ್ಟು ಸಲ ನೆಲ ಮುಟ್ಟಿತು ಎಂದು ಎಣಿಸಿ ನಾಲ್ಕರಿಂದ ಗುಣಿಸು. 38 ಬಂದರೆ ನಿಮಿಷಕ್ಕೆ 152 ಹೆಜ್ಜೆ. ವೇಗ ಅಷ್ಟೇ ಇಟ್ಟುಕೊಂಡು ಇದನ್ನು ನೂರಕ್ಕೆ ಐದರಿಂದ ಹತ್ತರಷ್ಟು ಏರಿಸಿದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಎಲ್ಲರಿಗೂ 180 ಬೇಕೆಂಬ ಮಾತು ಕೇಳಿರುತ್ತೀಯ, ಅದರ ಹಿಂದೆ ಬೀಳಬೇಡ.

ಕೈಗಡಿಯಾರ ತೋರಿಸುವ ಎದೆಬಡಿತವನ್ನೂ ಪೂರ್ತಿ ನಂಬಬೇಡ. ಗರಿಷ್ಠ ಎದೆಬಡಿತ ತಿಳಿಯಲು 220ರಲ್ಲಿ ವಯಸ್ಸು ಕಳೆಯುವ ಲೆಕ್ಕ ಸರಾಸರಿಯದು, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಸಾಮಾನ್ಯ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಅದು ಕೆಲಸಕ್ಕೇ ಬಾರದು, ಮಾತ್ರೆಯೇ ಬಡಿತವನ್ನು ಹಿಡಿದಿಟ್ಟಿರುತ್ತದೆ. ಮಾತಾಡಲು ಆಗುತ್ತಿದೆಯೇ ಎಂದು ನೋಡುವುದೇ ನಿನಗೆ ಸರಿಯಾದ ಅಳತೆ.

ಇನ್ನು ವಾರದ ಲೆಕ್ಕ. ಜೋಶ್ ಕ್ಲಾರ್ಕ್ ಎಂಬವರು 1996ರಲ್ಲಿ ರೂಪಿಸಿದ, ಕುರ್ಚಿಯಿಂದ ಎದ್ದವರನ್ನು 5 ಕಿಲೋಮೀಟರ್ ಓಟಕ್ಕೆ ಮುಟ್ಟಿಸುವ 9 ವಾರಗಳ ಯೋಜನೆ ಈಗ ಎಲ್ಲ ಕಡೆ ಸಿಗುತ್ತದೆ. 5 ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ವಾರಕ್ಕೆ ಮೂರು ದಿನ. ಯೋಜನೆ ಒಳ್ಳೆಯದೇ, ಆದರೆ ನಮ್ಮ ವಯಸ್ಸಿಗೆ 9 ವಾರ ತೀರಾ ಅವಸರ. ಪ್ರತಿ ವಾರದ ಪಾಠವನ್ನೂ ಎರಡು ವಾರ ಮಾಡು. ಒಂದು ನಿಮಿಷದ ಓಟ ಎರಡಾಗಲಿ, ಮೂರಾಗಲಿ, ಐದಾಗಲಿ. ಒಮ್ಮೆಗೆ ಒಂದನ್ನೇ ಬದಲಾಯಿಸು: ಓಟದ ನಿಮಿಷ ಹೆಚ್ಚಿಸಿದ ವಾರ ಏರುದಾರಿ ಬೇಡ, ಹೊಸ ಶೂ ಬೇಡ, ನಾಲ್ಕನೇ ದಿನವೂ ಬೇಡ. ಬೆನ್ನುಬೆನ್ನಿಗೆ ಎರಡು ದಿನ ಓಡಬೇಡ. ಒಂದು ವಾರ ತಪ್ಪಿದರೆ ಹಿಂದಿನ ಹಂತದಿಂದ ಹಿಡಿ. ಮೂರು ವಾರ ತಪ್ಪಿದರೆ ಅರ್ಧದಷ್ಟು ಹಿಂದಕ್ಕೆ ಬಾ. ಬಾಕಿ ತೀರಿಸುವ ಓಟ ಎಂಬುದೊಂದು ಇಲ್ಲವೇ ಇಲ್ಲ. ಮುಗಿದ ಕೂಡಲೇ ಗಕ್ಕನೆ ನಿಲ್ಲಬೇಡ. ರಕ್ತ ಕಾಲಲ್ಲೇ ಉಳಿದು ತಲೆ ಸುತ್ತು ಬರುತ್ತದೆ. 5 ನಿಮಿಷ ನಡೆದೇ ನಿಲ್ಲು.

ಇಷ್ಟು ನಿಧಾನವೇಕೆ ಎಂದರೆ, ಮೈಯ ಭಾಗಗಳೆಲ್ಲ ಒಂದೇ ವೇಗದಲ್ಲಿ ಪಳಗುವುದಿಲ್ಲ. ರಕ್ತದ ದ್ರವ ಒಂದೆರಡು ವಾರದಲ್ಲೇ ಹೆಚ್ಚುತ್ತದೆ. ಒಂದೂವರೆ ತಿಂಗಳಿಗೆ ಉಸಿರು ಎಷ್ಟೋ ಹಗುರಾಗಿರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿಗೂ ಮೂಳೆಗೂ ಮಾತ್ರ ತಿಂಗಳುಗಟ್ಟಲೆ ಬೇಕು. ಎತ್ತು ಹೊಸದು, ಗಾಡಿ ಹಳೆಯದು ಎಂಬ ಸ್ಥಿತಿ. ಹಾಗಾಗಿ ಗಾಯಗಳು ಕಷ್ಟಪಟ್ಟು ಓಡುವ ಮೊದಲ ವಾರದಲ್ಲಿ ಬರುವುದು ಕಡಿಮೆ. "ಅಬ್ಬಾ, ಈಗ ಸಲೀಸಾಯ್ತು" ಎನ್ನಿಸಿ ನೀನು ಇದ್ದಕ್ಕಿದ್ದಂತೆ ದೂರ ಹೆಚ್ಚಿಸುವ ಎರಡನೇ ಮೂರನೇ ತಿಂಗಳಲ್ಲಿ ಬರುತ್ತವೆ. ಆ ಹೊತ್ತಲ್ಲಿ ನಿನ್ನನ್ನು ಹಿಡಿದು ನಿಲ್ಲಿಸಲು ನಾನು ಪಕ್ಕದಲ್ಲಿರುವುದಿಲ್ಲ.

ನಡುವಯಸ್ಸಿನ ಓಟಗಾರರನ್ನು ಹೆಚ್ಚು ಕಾಡುವುದು ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜು. ಓಡುವಾಗ ಪ್ರತಿ ಹೆಜ್ಜೆಗೂ ಅದು ಎಳೆದು ಹಿಡಿಯುವ ಭಾರ ಮೈತೂಕದ ಆರೇಳು ಪಟ್ಟು. ಕುರ್ಚಿಯಲ್ಲಿ ಕಳೆದ ಇಪ್ಪತ್ತು ವರ್ಷಗಳ ನಂತರ ಅದಕ್ಕೆ ಮುನ್ಸೂಚನೆ ಕೊಡಬೇಕು. ಮೆಟ್ಟಿಲಿನ ಅಂಚಿಗೆ ಪಾದದ ಮುಂಭಾಗ ಇಟ್ಟು, ಹಿಮ್ಮಡಿ ಹೊರಗೆ ಇಳಿಬಿಟ್ಟು ನಿಲ್ಲು, ಗೋಡೆಗೊಂದು ಬೆರಳು ತಾಗಿರಲಿ. ಎರಡು ಕಾಲಿನಿಂದ ಮೇಲೇಳು, ಒಂದು ಕ್ಷಣ ತಡೆ, ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಮೂರು ಎಣಿಸುತ್ತಾ ಇಳಿ. ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಹೋಗಬೇಕು, ಮೀನಖಂಡ ಎಳೆದದ್ದು ಗೊತ್ತಾಗಬೇಕು. ಒಂದೊಂದು ಕಾಲಿಗೆ ಹದಿನೈದರಂತೆ ಮೂರು ಸಲ. ಇದನ್ನೇ ಮಂಡಿ ತುಸು ಬಗ್ಗಿಸಿಯೂ ಮಾಡು, ಒಳಪದರದ ಸೋಲಿಯಸ್ ಸ್ನಾಯುವಿಗೆ ಹೆಚ್ಚು ಕೆಲಸ ಬೀಳುವುದು ಹಾಗೆ ಬಗ್ಗಿಸಿದಾಗ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಅಕಿಲಿಸ್ ನೋವಿಗೆ ಚಿಕಿತ್ಸೆಯಾಗಿ ಪ್ರಕಟಿಸಿದ್ದು ಇಂಥದ್ದೇ ಅಭ್ಯಾಸ, ದಿನಕ್ಕೆರಡು ಹೊತ್ತು, 12 ವಾರ. ನೋವು ಬರುವ ಮೊದಲೇ, ವಾರಕ್ಕೆ ಎರಡು ಮೂರು ದಿನ ಮಾಡಿದರೆ ನಿನಗೆ ಸಾಕು. ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದರಲ್ಲಿ. ಒಂದೇ ಕಾಲಲ್ಲಿ ಸಮತಟ್ಟು ನೆಲದ ಮೇಲೆ ಇಪ್ಪತ್ತು ಸಲ ಏಳಲು ಬಂದರೆ ನಿನ್ನ ಮೀನಖಂಡ ಓಟಕ್ಕೆ ಸಿದ್ಧವಾಗುತ್ತಿದೆ ಎಂದು ತಿಳಿ.

ನೋವುಗಳಲ್ಲೂ ಜಾತಿಗಳಿವೆ. ಹತ್ತಕ್ಕೆ ಮೂರರಷ್ಟು ನೋವು, ಓಡುತ್ತಾ ಹೆಚ್ಚದೆ, ಮರುದಿನಕ್ಕೆ ಇಳಿದರೆ ಅದರ ಜೊತೆ ಓಡಬಹುದು. ನಡಿಗೆಯ ವರಸೆ ಬದಲಾಯಿಸುವ ನೋವಿನ ಜೊತೆ ಓಡಬಾರದು. ಬೆಳಿಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿಯ ಅಡಿ ಚುಚ್ಚಿದರೆ ಅದು ಅಂಗಾಲಿನ ಪದರದ ನೋವು. ಮೆಟ್ಟಿಲು ಇಳಿಯುವಾಗ, ಬಹಳ ಹೊತ್ತು ಕೂತು ಎದ್ದಾಗ ಮಂಡಿಚಿಪ್ಪಿನ ಸುತ್ತ ನೊಂದರೆ ತೊಡೆಗೂ ಸೊಂಟಕ್ಕೂ ಬಲ ಬರಿಸಬೇಕು, ಇಳಿಜಾರಿನ ಓಟ ಬಿಡಬೇಕು. ಮಂಡಿಯ ಕೆಳಗಿನ ಮೂಳೆಯ ಒಳ ಅಂಚಿನುದ್ದಕ್ಕೂ ಹರಡಿಕೊಂಡ ನೋವು ಓಟ ಇಳಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಅದೇ ಮೂಳೆಯ ಮೇಲೆ ಬೆರಳ ತುದಿಯಷ್ಟೇ ಜಾಗದಲ್ಲಿ, ಒತ್ತಿದರೆ ಜೀವ ಹೋಗುವ ಹಾಗೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಮೂಳೆಯಲ್ಲಿ ಬಿರುಕಿರಬಹುದು. ಆಗ ಒಂದು ಹೆಜ್ಜೆಯೂ ಓಡದೆ ವೈದ್ಯರ ಹತ್ತಿರ ಹೋಗಬೇಕು.

ತಡವಾಯಿತೇ ಎಂಬ ಅನುಮಾನ ನಿನಗಿದ್ದರೆ ಕೇಳು. ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಓಟದ ಕೋಚ್ ಬಿಲ್ ಬೋವರ್‌ಮನ್ 1962ರ ಕೊನೆಗೆ ನ್ಯೂಜಿಲೆಂಡಿಗೆ ಹೋದಾಗ ಅವರಿಗೆ 51. ಅಲ್ಲಿನ ಕೋಚ್ ಆರ್ಥರ್ ಲಿಡಿಯರ್ಡ್ ನಡುವಯಸ್ಸಿನವರನ್ನು, ಹೃದಯಾಘಾತ ಆಗಿ ಚೇತರಿಸಿಕೊಂಡವರನ್ನೂ ಕಟ್ಟಿಕೊಂಡು ನಿಧಾನದ ಓಟ ಓಡಿಸುತ್ತಿದ್ದರು. ಊರಿಗೆಲ್ಲ ಓಟ ಕಲಿಸುವ ಬೋವರ್‌ಮನ್ ಆ ಗುಂಪಿನ ಜೊತೆ ಹೊರಟು ಹಿಂದೆ ಬಿದ್ದರು. ಎಪ್ಪತ್ತು ದಾಟಿದ ಒಬ್ಬರು ತಾವೂ ವೇಗ ಇಳಿಸಿ, ಮಾತಾಡಿಸುತ್ತಾ, ಕೊನೆಯವರೆಗೂ ಅವರ ಜೊತೆಗೇ ಓಡಿದರು. ಊರಿಗೆ ಮರಳಿದ ಬೋವರ್‌ಮನ್ ಸಾಮಾನ್ಯ ಜನರಿಗಾಗಿ ಜಾಗಿಂಗ್ ಶುರು ಮಾಡಿಸಿದರು. ನನಗೆ ಈ ಕತೆಯಲ್ಲಿ ಬೋವರ್‌ಮನ್‌ಗಿಂತ ಆ ಹಿರಿಯರೇ ಇಷ್ಟ.

ಇಲ್ಲಿಗೆ ನಿಲ್ಲಿಸಿ ಶೂ ವಿಷಯಕ್ಕೆ ಹೋಗಬೇಕೆಂದಿದ್ದೆ. ಆದರೆ ಇನ್ನೊಂದು ಕತೆ ಇದೆ, ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದರೆ ನಿನಗೆ ನಾನು ಏನೂ ಹೇಳಿದಂತಾಗುವುದಿಲ್ಲ. 1977ರಲ್ಲಿ ಬಂದ ಪುಸ್ತಕವೊಂದರಿಂದ ಅಮೆರಿಕದ ಲಕ್ಷಾಂತರ ಜನರಿಗೆ ಓಟದ ಹುಚ್ಚು ಹಿಡಿಸಿದ ಜಿಮ್ ಫಿಕ್ಸ್ 1984ರ ಜುಲೈ 20ರಂದು ಓಡಲು ಹೋದವರು ರಸ್ತೆಬದಿಯಲ್ಲೇ ತೀರಿಕೊಂಡರು. ವಯಸ್ಸು 52. ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದು ಕಂಡಿತು. ಅವರ ತಂದೆಗೆ 35ಕ್ಕೆ ಮೊದಲ ಹೃದಯಾಘಾತ, 43ಕ್ಕೆ ಸಾವು. ಓಟ ಶುರು ಮಾಡುವ ಮೊದಲು ಫಿಕ್ಸ್ ವಿಪರೀತ ಸಿಗರೇಟು ಸೇದುತ್ತಿದ್ದರು, ತೂಕವೂ ಬಹಳ ಇತ್ತು. ಓಟ ಅವರನ್ನು ಕೊಂದಿತು ಎಂದು ನಾನು ನಂಬುವುದಿಲ್ಲ. ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದರು. ಆದರೆ ಚೆನ್ನಾಗಿ ಓಡುತ್ತಿದ್ದ ಮಾತ್ರಕ್ಕೆ ರಕ್ತನಾಳಗಳೂ ಚೆನ್ನಾಗಿರಲಿಲ್ಲ.

ತಂದೆಗೋ ಅಣ್ಣತಮ್ಮಂದಿರಿಗೋ 55ಕ್ಕೆ ಮೊದಲು, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮೊದಲು ಹೃದಯದ ಕಾಯಿಲೆ ಬಂದಿದ್ದರೆ ಅದನ್ನು ವೈದ್ಯರು ಅಪಾಯದ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂಥವರು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು, ಸಿಗರೇಟು ಸೇದಿದವರು ಓಟಕ್ಕಿಂತ ಮೊದಲು ವೈದ್ಯರನ್ನು ಕಾಣಬೇಕು. ಸುಮ್ಮನೆ ಮಲಗಿಸಿ ತೆಗೆದ ಇಸಿಜಿ ಸರಿಯಿದೆ ಎಂದು ನಿರಾಳ ಆಗುವ ಹಾಗಿಲ್ಲ. ಅಡಚಣೆ ಶ್ರಮಪಟ್ಟಾಗಷ್ಟೇ ತೋರಬಹುದು. ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ನೀನೇ ಕೇಳು. ಅದೂ ಪೂರ್ತಿ ಭರವಸೆಯಲ್ಲ. ಓಡುವಾಗ ಎದೆ ಬಿಗಿದರೆ, ದವಡೆಗೋ ತೋಳಿಗೋ ನೋವು ಹರಿದರೆ, ಕಣ್ಣು ಕತ್ತಲಿಟ್ಟರೆ, ಮೊನ್ನೆ ಸಲೀಸಾಗಿದ್ದ ದೂರಕ್ಕೆ ಇವತ್ತು ಕಾರಣವಿಲ್ಲದೆ ಉಸಿರು ಕಟ್ಟಿದರೆ ಅಲ್ಲೇ ನಿಲ್ಲು. ನಿಂತ ಕೂಡಲೇ ಹೋಯಿತು ಎಂದು ಸಮಾಧಾನ ಮಾಡಿಕೊಳ್ಳಬೇಡ, ನಿಂತಾಗ ಹೋಗುವ ಎದೆನೋವೇ ಹೃದಯದ ಅಡಚಣೆಯ ಬಗ್ಗೆ ಹೆಚ್ಚು ಮಾತಾಡುತ್ತಿರುತ್ತದೆ.

ನಿಮ್ಮಪ್ಪ ಹೋದ ವಯಸ್ಸಿಗೆ ನೀನು ಈ ವರ್ಷ ಬಂದಿದ್ದೀಯ. ನೀನು ಬರೆದಿಲ್ಲ, ನಾನೂ ಕೇಳಿಲ್ಲ, ಆದರೆ ನಿನ್ನ ಒಂದು ಸಾಲಿನ ಪ್ರಶ್ನೆಯಲ್ಲಿ ನನಗೆ ಮೊದಲು ಕಂಡದ್ದು ಅದೇ ಕಣೋ. ಓಡು ಎನ್ನಲು ಭಯ, ಬೇಡ ಎನ್ನಲು ಇನ್ನೂ ಭಯ. ಸುಮ್ಮನೆ ಕೂತವರ ಹೃದಯಕ್ಕೆ ಇರುವ ಅಪಾಯವೇ ಒಟ್ಟಿನಲ್ಲಿ ದೊಡ್ಡದು ಎಂದು ಗೊತ್ತಿದ್ದೂ ಭಯ. ಹೊತ್ತಲ್ಲದ ಹೊತ್ತಿನಲ್ಲಿ ನಿನ್ನ ಮನೆಯ ನಂಬರಿನಿಂದ ಫೋನ್ ಬಂದರೆ ಎತ್ತುವ ಮೊದಲು ನನ್ನ ಕೈ ತಣ್ಣಗಾಗುತ್ತದೆ. ಮುಪ್ಪಿನ ಬಗ್ಗೆ ನಾನು ಯೋಚಿಸುವುದೆಲ್ಲ ನೀನಿದ್ದೀಯ ಎಂದುಕೊಂಡೇ. ನೀನಿಲ್ಲದೆ ಅದನ್ನು ಯೋಚಿಸಲು ನನಗೆ ಬರುವುದಿಲ್ಲ. ಇಷ್ಟನ್ನು ಎಲ್ಲರೆದುರು ಬರೆಯುವುದಿರಲಿಲ್ಲ. ಬರೆದಾಯಿತು, ಅಳಿಸುವುದಿಲ್ಲ.

ಈಗ ಶೂ. ಸಂಜೆ ಹೊತ್ತಿಗೆ ಕೊಳ್ಳು, ಪಾದ ಆಗ ತುಸು ಉಬ್ಬಿರುತ್ತದೆ. ನಿಂತು ನೋಡು: ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು, ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ಹಿಮ್ಮಡಿ ಮುಂಗಾಲಿಗಿಂತ 8–10 ಮಿಲಿಮೀಟರ್ ಎತ್ತರವಿರುವ ಶೂ ನಿನ್ನ ಅಕಿಲಿಸ್‌ಗೆ ಸುಖ; ಎರಡೂ ಒಂದೇ ಮಟ್ಟದ ತೆಳು ಶೂ ಸದ್ಯಕ್ಕೆ ಬೇಡ. ಹಾಕಿ ನಾಲ್ಕು ಹೆಜ್ಜೆ ಓಡಿದಾಗ ಯಾವುದು ಹಿತವೋ ಅದನ್ನೇ ತಗೋ. 500ರಿಂದ 800 ಕಿಲೋಮೀಟರಿಗೆ ಅಡಿಯ ಮೆತ್ತೆ ಸತ್ತಿರುತ್ತದೆ, ಮೇಲೆ ಹೊಸದಾಗಿ ಕಂಡರೂ. ಕಣಕಾಲಿನ ಹತ್ತಿರ ಒಂದು ಹೆಚ್ಚಿನ ತೂತಿರುತ್ತದಲ್ಲ, ಅದು ಸುಮ್ಮನೆ ಇಟ್ಟದ್ದಲ್ಲ. ಲೇಸನ್ನು ಅದೇ ಬದಿಯ ಕೊನೆಯ ಎರಡು ತೂತುಗಳ ನಡುವೆ ಹೊರಗಿನಿಂದ ಒಳಗೆ ಸೇರಿಸಿ ಪುಟ್ಟ ಕುಣಿಕೆ ಬಿಡು, ಎದುರು ಬದಿಯಲ್ಲೂ ಹಾಗೇ. ಎದುರು ಬದಿಯ ಲೇಸನ್ನು ಈ ಕುಣಿಕೆಯೊಳಗೆ, ಇದನ್ನು ಅದರೊಳಗೆ ತೂರಿಸಿ ಎಳೆದು ಕಟ್ಟು. ಹಿಮ್ಮಡಿ ಅಲುಗುವುದಿಲ್ಲ, ಬೆರಳುಗಳು ಮುಂದಕ್ಕೆ ಜಾರುವುದಿಲ್ಲ.

ವೈದ್ಯರನ್ನು ಕಾಣುವ ದಿನ ಗೊತ್ತಾದರೆ ಇವತ್ತೇ ಬರಿ. ಮೊದಲ ಒಂದು ನಿಮಿಷದ ಓಟ ಆದ ಮೇಲೆ ಮತ್ತೆ ಬರಿ, ಚಿಕ್ಕದಾದರೂ ಸರಿ. ಮೂರನೇ ಬೆಂಚಿನವನಿಗೆ ಮಾತ್ರ ಸದ್ಯಕ್ಕೆ ಹೇಳಬೇಡ ಮಾರಾಯ, ಬೋರ್ಡು ಬರೆಸಿಕೊಂಡು ಬಂದುಬಿಡುತ್ತಾನೆ.

ನಿನ್ನ
ಗೆಳೆಯ