ಲೆಕ್ಕದ ಅಭ್ಯಾಸ ಅರಿವು ಕೇಂದ್ರದಲ್ಲೂ ಸಿಗಲಿ

ಮಾನ್ಯ ಸಂಪಾದಕರೇ,

ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ಹತ್ತು ವರ್ಷದ ಮಗಳು ಮನೆಯಲ್ಲೇ ಕಲಿಯುತ್ತಾಳೆ. 14 ತುಂಬಿದ ಮೇಲೆ ಎನ್‌ಐಒಎಸ್‌ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ನಡೆಸುವ ಹತ್ತನೇ ತರಗತಿ ಪರೀಕ್ಷೆ ಬರೆಸುವ ಯೋಚನೆ ಇದೆ. ಭಾಷೆ, ವಿಜ್ಞಾನ, ಚರಿತ್ರೆ ಎಲ್ಲ ನಾವೇ ಹೇಳಿಕೊಡುತ್ತೇವೆ. ಲೆಕ್ಕಕ್ಕೆ ಮಾತ್ರ ದಿನಾ ಹೊಸ ಸಮಸ್ಯೆಗಳು ಬೇಕು, ತಕ್ಷಣ ತಿದ್ದುವವರೂ ಬೇಕು. ಅದಕ್ಕೆ ನಾವು ಬಳಸುವುದು ಖಾನ್ ಅಕಾಡೆಮಿ ಎಂಬ ಕಲಿಕೆಯ ಜಾಲತಾಣ. ದುಡ್ಡು ಕೊಡಬೇಕಿಲ್ಲ, ಜಾಹೀರಾತಿಲ್ಲ, ಕನ್ನಡದಲ್ಲೂ ಪಾಠಗಳಿವೆ.

ನನಗೆ ಜಾಸ್ತಿ ಇಷ್ಟವಾದದ್ದು ಅದರ ಹಟ. ಎಲ್ಲ ಪ್ರಶ್ನೆಗೂ ಸರಿ ಉತ್ತರ ಬಂದರೂ ಪೂರ್ತಿ ಅಂಕ ಕೊಡುವುದಿಲ್ಲ. ಮುಂದೆ ಬೇರೆ ಪಾಠಗಳ ಜೊತೆ ಬೆರೆಸಿ ಮತ್ತೆ ಕೇಳುತ್ತದೆ. ಆಗ ತಪ್ಪಿದರೆ ಒಂದು ಮೆಟ್ಟಿಲು ಕೆಳಗಿಳಿಸುತ್ತದೆ. ಸುಳಿವು ನೋಡಿ ಬಿಡಿಸಿದ ಲೆಕ್ಕ ಸರಿ ಎಂದು ಎಣಿಕೆಯಾಗುವುದಿಲ್ಲ. ವಯಸ್ಸಿಗೆ ತಕ್ಕ ತರಗತಿಯಲ್ಲೇ ಇರಬೇಕೆಂಬ ಹಂಗೂ ಇಲ್ಲ. ನನ್ನ ಮಗಳು ಕೋನಗಳಲ್ಲಿ ಆರನೇ ತರಗತಿಯ ಲೆಕ್ಕ ಮಾಡುತ್ತಾಳೆ, ಭಾಗಾಕಾರದಲ್ಲಿ ಇನ್ನೂ ನಾಲ್ಕನೆಯದರಲ್ಲೇ ಇದ್ದಾಳೆ. ಅದರಿಂದ ಅವಳಿಗೆ ಬೇಜಾರೂ ಇಲ್ಲ.

ಆದರೆ ಮಗುವನ್ನು ಸುಮ್ನೆ ಲ್ಯಾಪ್‌ಟಾಪ್ ಮುಂದೆ ಕೂರಿಸಿ ಅಡುಗೆಮನೆಗೆ ಹೋದರೆ ಆಗುವುದಿಲ್ಲ. ಮನೆಯಲ್ಲೇ ಕಲಿಸುವ ಇತರ ತಂದೆತಾಯಿಗೆ ಇದನ್ನು ಒತ್ತಿ ಹೇಳಬೇಕು. 0.5 ದೊಡ್ಡದೋ 0.35 ದೊಡ್ಡದೋ ಎಂಬ ಪ್ರಶ್ನೆಗೆ ಮಗಳು 0.35 ಎಂದಳು. ಐದಕ್ಕಿಂತ ಮೂವತ್ತೈದು ದೊಡ್ಡದು, ಅಲ್ವಾ ಎಂಬುದು ಅವಳ ವಾದ. ತಪ್ಪು ಎಂದು ಕಂಪ್ಯೂಟರ್ ಹೇಳಿತು, ಬಿಡಿಸುವ ಕ್ರಮವನ್ನೂ ತೋರಿಸಿತು. ಹಾಗೆ ಯಾಕೆ ಅಂದುಕೊಂಡೆ ಎಂದು ಮಾತ್ರ ಅದು ಕೇಳಲಿಲ್ಲ. ಅದನ್ನು ಪಕ್ಕದಲ್ಲಿ ಕೂತವರೇ ಕೇಳಬೇಕು. ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತಂದಿಟ್ಟೆವು. ಅರ್ಧ ಕೆ.ಜಿ. ಹಾಕಿದಾಗ 0.500 ಎಂದು ತೋರಿಸಿತು, ಸ್ವಲ್ಪ ತೆಗೆದಾಗ 0.350 ಆಯಿತು. ಬಿಂದುವಿನ ಆಚೆ ಒಂದೊಂದು ಅಂಕಿಗೂ ಅದರದ್ದೇ ಸ್ಥಾನ ಇದೆ ಎಂಬುದು ಅಲ್ಲಿ ಅವಳಿಗೆ ಹೊಳೆಯಿತು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆ ಬಂದರೆ ಮಕ್ಕಳು ಊಹೆ ಮಾಡಿಯೂ ಗೆಲ್ಲುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಲೆಕ್ಕ ಮೊದಲು ನೋಟ್‌ಬುಕ್ಕಿನಲ್ಲಿ ಆಗಬೇಕು, ಆಮೇಲಷ್ಟೇ ಗುಂಡಿ ಒತ್ತುವುದು.

ಈಗ ನಿಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ಮಲೆನಾಡಿನಲ್ಲಿ ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಹಿಂದೆಯೇ ಟವರೂ ಹೋಗುತ್ತದೆ. ಉಚಿತ ಎಂದರೂ ನೆಟ್ ಇದ್ದವರಿಗಷ್ಟೇ ಅದು ಉಚಿತ. ಇದಕ್ಕೂ ದಾರಿಯಿದೆ. ಕೊಲಿಬ್ರಿ ಎಂಬ ಉಚಿತ ತಂತ್ರಾಂಶದಲ್ಲಿ ಖಾನ್ ಅಕಾಡೆಮಿಯ ಅಭ್ಯಾಸಗಳನ್ನು ನೆಟ್ ಇದ್ದ ಕಡೆ ಒಮ್ಮೆ ಇಳಿಸಿಕೊಂಡರೆ ಸಾಕು. ಆಮೇಲೆ ಇಂಟರ್‌ನೆಟ್ ಬೇಕಿಲ್ಲ. ಒಂದು ಕಂಪ್ಯೂಟರಿನಲ್ಲಿ ಇಟ್ಟರೆ ಅದೇ ಕೋಣೆಯ ಬೇರೆ ಕಂಪ್ಯೂಟರ್, ಮೊಬೈಲುಗಳಲ್ಲೂ ವೈಫೈ ಮೂಲಕ ತೆರೆಯುತ್ತದೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಎಷ್ಟೋ ಕಡೆ ಕಂಪ್ಯೂಟರ್ ಬಂದಿವೆ. ಅವುಗಳಲ್ಲಿ ಇದನ್ನು ಹಾಕಿಸಿ, ಸಂಜೆ ಮಕ್ಕಳಿಗೆ ಬಿಟ್ಟುಕೊಡಲಿ. ಮನೆಯಲ್ಲಿ ಕಲಿಯುವವರು ಹಳ್ಳಿಯಲ್ಲಿ ಬೆರಳೆಣಿಕೆಯಷ್ಟು, ಅವರಿಗಷ್ಟೇ ಎಂದು ನಾನು ಕೇಳುತ್ತಿಲ್ಲ. ಟ್ಯೂಷನ್‌ಗೆ ಹಣ ಕೊಡಲಾಗದ ಸರ್ಕಾರಿ ಶಾಲೆಯ ಮಕ್ಕಳಿಗೆ ಇದು ಇನ್ನೂ ಹೆಚ್ಚು ಬೇಕು. ಪಕ್ಕದಲ್ಲಿ ಕೂರುವ ದೊಡ್ಡವರು ಒಬ್ಬರು ಸಿಕ್ಕರಂತೂ ತುಂಬಾ ಒಳ್ಳೆಯದು. ನಮ್ಮ ಪಂಚಾಯಿತಿಯವರು ಒಪ್ಪಿದರೆ ವಾರಕ್ಕೊಂದು ಸಂಜೆ ನಾನು ಬಂದು ಕೂರಲು ತಯಾರಿದ್ದೇನೆ.

– ಒಬ್ಬ ತಾಯಿ, ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ